ಕಾಶ್ಮೀರಿ ವಿಲೋ ಬ್ಯಾಟು: ಭಾನುವಾರದ ಆಟಕ್ಕೆ ಇಷ್ಟು ಸಾಕೇ?

ಎರಡರಿಂದ ನಾಲ್ಕು ಸಾವಿರ ರೂಪಾಯಿಯೊಳಗೆ ಲೆದರ್ ಬಾಲ್‌ಗೆ ಬ್ಯಾಟು ಬೇಕೆಂದರೆ ಸಿಗುವುದು ಕಾಶ್ಮೀರಿ ವಿಲೋ, ಅಂದರೆ ಕಾಶ್ಮೀರದ ವಿಲೋ ಮರದಲ್ಲಿ ಮಾಡಿದ್ದು. ವಾರಕ್ಕೊಂದು ಮ್ಯಾಚ್ ಆಡುವವರಿಗೆ ಅದು ಧಾರಾಳವಾಗಿ ಸಾಕು. ತಂದ ದಿನವೇ ಮೈದಾನಕ್ಕಿಳಿಸಿದರೆ ಮಾತ್ರ ತಿಂಗಳೊಪ್ಪತ್ತೂ ಬಾಳುವುದಿಲ್ಲ, ಆಮೇಲೆ ಬೈಗುಳವೆಲ್ಲ ಮರಕ್ಕೆ.

ಅನಂತನಾಗ್ ಜಿಲ್ಲೆಯ ಸಂಗಮ್, ಹಲ್‌ಮುಲ್ಲಾ ಕಡೆ ಹೆದ್ದಾರಿ ಪಕ್ಕದಲ್ಲೇ ಸೀಳಿದ ವಿಲೋ ತುಂಡುಗಳನ್ನು ಒಟ್ಟಿ ಗಾಳಿಗೆ ಒಣಗಿಸುತ್ತಾರೆ. ಈ ಮರ ಇಂಗ್ಲಿಷ್ ವಿಲೋಗಿಂತ ಗಟ್ಟಿ, ತುಸು ಭಾರ, ಬಣ್ಣದಲ್ಲಿ ಕಂದು. ಗಟ್ಟಿ ಇರುವುದರಿಂದಲೇ ಚೆಂಡು ಅಷ್ಟು ಚಿಮ್ಮುವುದಿಲ್ಲ. ಇಂಗ್ಲಿಷ್ ವಿಲೋದಲ್ಲಿ ಟೈಮಿಂಗ್ ಸ್ವಲ್ಪ ತಪ್ಪಿದರೂ ಚೆಂಡು ಫೀಲ್ಡರನ್ನು ದಾಟೀತು, ಇದರಲ್ಲಿ ನಡುಭಾಗಕ್ಕೇ ಬೀಳಬೇಕು.

ಅಂಗಡಿಯಲ್ಲಿ ಮೊದಲು ಕಣ್ಣು ಹೋಗುವುದು ಸ್ಟಿಕ್ಕರಿಗೆ. ಸಚಿನ್, ಕೊಹ್ಲಿ ಹಿಡಿದ ಎಂಆರ್‌ಎಫ್ ಬ್ಯಾಟನ್ನು ನೋಡುತ್ತ ಬೆಳೆದವರಿಗೆ ಅದೇ ಹೆಸರು ತಮ್ಮ ಕೈಯಲ್ಲೂ ಇರಲಿ ಅನ್ನಿಸುವುದು ಸಹಜ, ಅಭಿಮಾನ ಅಂದರೆ ಅದೇ. ಆದರೆ ಸ್ಟಿಕ್ಕರ್ ಬಿಡಿಯಾಗಿಯೂ ಸಿಗುತ್ತದೆ, ಮರದ ಜಾತಿಯನ್ನು ಅದು ಹೇಳುವುದಿಲ್ಲ. ಸಚಿನ್ ಭಾರದ ಬ್ಯಾಟು ಹಿಡಿಯುತ್ತಿದ್ದರೆಂದು 1,350 ಗ್ರಾಂನದು ಕೊಂಡವರು ಐದನೇ ಓವರಿಗೇ ತಡವಾಗಿ ಬೀಸತೊಡಗುತ್ತಾರೆ. ತಕ್ಕಡಿ ಕೇಳಿ ತೂಗಿಸಿ. 1,180ರಿಂದ 1,250 ಗ್ರಾಂ ಸಾಕು. ಆಮೇಲೆ ಹಿಡಿಯ ಮೇಲ್ಭಾಗ ಹಿಡಿಯುವ ಕೈಯೊಂದರಲ್ಲೇ ಹಿಡಿದು ಹತ್ತು ಸಲ ಹಿಂದಕ್ಕೆತ್ತಿ ನೋಡಿ. ಮಣಿಕಟ್ಟು ವಾಲಿದರೆ ಆ ಬ್ಯಾಟು ನಿಮ್ಮದಲ್ಲ.

ಟೋದಿಂದ, ಅಂದರೆ ಬ್ಯಾಟಿನ ಕೆಳತುದಿಯಿಂದ, ಒಂದು ಗೇಣು ಮೇಲೆ ಹಳೇ ಚೆಂಡಿನಿಂದ ತಟ್ಟಿ. "ಟಕ್" ಎಂದು ಚೆಂಡು ಹಿಂದಕ್ಕೆ ಪುಟಿಯಬೇಕು, "ದಬ್" ಎಂದರೆ ಕೆಳಗಿಡಿ. ಗೆರೆಗಳು ನೇರ ಇರಲಿ. ಅಂಚಿನ ಹತ್ತಿರ ಗಂಟಿದ್ದರೆ ಬೇಡ. ಹಿಡಿಯೂ ಅಲಗೂ ಸೇರುವ ವಿ ಆಕಾರದ ಸಂದಿಯಲ್ಲಿ ಉಗುರು ತೂರುವಷ್ಟು ಬಿಡುವು ಕಂಡರೂ ಬೇಡ. ಮಕ್ಕಳಿಗೆ "ಬೆಳೀತಾನೆ ಬಿಡಿ" ಅಂತ ದೊಡ್ಡ ಸೈಜು ಕೊಡಿಸುವ ಅಪ್ಪಂದಿರು ಒಂದು ತಿಳಿದಿರಲಿ: ಎತ್ತಲಾರದ ಬ್ಯಾಟಿನಿಂದ ಹುಡುಗ ಕಲಿಯುವುದು ಕೆಳಗೈಯಲ್ಲಿ ಎಳೆದು ಹೊಡೆಯುವುದನ್ನಷ್ಟೇ.

ಇನ್ನು ಅಸಲಿ ಕೆಲಸ, ಹೊಸ ಬ್ಯಾಟನ್ನು ಆಟಕ್ಕೆ ಹದ ಮಾಡುವುದು. ಹಸಿ ಅಗಸೆ ಎಣ್ಣೆ ತನ್ನಿ, ಪೇಂಟ್ ಅಂಗಡಿಯ ಕುದಿಸಿದ ಎಣ್ಣೆಯಲ್ಲ. ಒಂದು ಟೀ ಚಮಚದಷ್ಟನ್ನು ಮೆತ್ತನೆ ಬಟ್ಟೆಯಲ್ಲಿ ಮುಖ, ಅಂಚು, ಟೋಗೆ ತೆಳ್ಳಗೆ ಸವರಿ. ಹಿಡಿಗೂ ಸಂದಿಗೂ ಎಣ್ಣೆ ತಾಗಕೂಡದು, ಅಂಟು ಸಡಿಲವಾಗುತ್ತದೆ. ಮುಖ ಮೇಲೆ ಮಾಡಿ ಅಡ್ಡ ಮಲಗಿಸಿ, ದಿನ ಬಿಟ್ಟು ಇನ್ನೊಂದು ಕೈ ಸವರಿ. ಎರಡು ಮೂರು ಸಲಕ್ಕೆ ನಿಲ್ಲಿಸಿ. ಎಣ್ಣೆ ಕುಡಿಸಿದಷ್ಟೂ ಒಳ್ಳೆಯದೆಂದು ನಂಬಿದವರ ಬ್ಯಾಟು ಭಾರವಾಗಿ ಸತ್ತೇ ಹೋಗುತ್ತದೆ. ಮುಖಕ್ಕೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರೆ ಬರಿ ಮರಕ್ಕಷ್ಟೇ ಎಣ್ಣೆ.

ನಂತರ ನಾಕಿಂಗ್, ಅಂದರೆ ಮರದ ಸುತ್ತಿಗೆಯಿಂದ ತಟ್ಟಿ ತಟ್ಟಿ ಹದಗೊಳಿಸುವುದು. ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷದಂತೆ ಒಟ್ಟು ಆರು ಗಂಟೆ. ನಡುವಿನಿಂದ ಮೆಲ್ಲಗೆ ಶುರುಮಾಡಿ, ಪೆಟ್ಟನ್ನು ಬರಬರುತ್ತ ಜೋರು ಮಾಡಿ. ಅಂಚಿಗೆ ನೇರ ಹೊಡೆಯಬೇಡಿ. 45 ಡಿಗ್ರಿ ಓರೆಯಲ್ಲಿ ತಟ್ಟಿ ಅದು ದುಂಡಗಾಗಬೇಕು, ಎಡ್ಜ್ ತಗುಲಿದಾಗ ಸೀಳದಿರುವುದು ಇದರಿಂದಲೇ. ಟೋದ ತಳಕ್ಕೆ ಸುತ್ತಿಗೆ ಮುಟ್ಟಿಸಲೇಬೇಡಿ. ಆಮೇಲೆ ಹಳೇ ಚೆಂಡಿನಲ್ಲಿ ಥ್ರೋಡೌನ್, ಅಂದರೆ ಹತ್ತಿರದಿಂದ ಎಸೆಸಿಕೊಂಡು ಮೆಲ್ಲಗೆ ಆಡುವುದು. ಮುಖದ ಮೇಲೆ ಚೆಂಡಿನ ಹೊಲಿಗೆಯ (ಸೀಮ್) ಗುರುತು ಆಳವಾಗಿ ಬಿದ್ದರೆ ಮತ್ತೆ ಸುತ್ತಿಗೆ ಹಿಡಿಯಿರಿ. ಯಂತ್ರದಲ್ಲಿ ನಾಕಿಂಗ್ ಆಗಿದೆಯೆಂದು ಅಂಗಡಿಯವರು ಹೇಳಿದರೂ ಅಂಚಿನ ಕೆಲಸ ಕೈಯಲ್ಲೇ ಮುಗಿಸುವುದು ಲೇಸು.

ಇಷ್ಟು ಮಾಡಿಯೂ ಮುರಿಯುವುದುಂಟು, ಹೆಚ್ಚಾಗಿ ಚೆಂಡಿನ ದೆಸೆಯಿಂದ. ಎರಡೇ ತೊಗಲಿನ ತುಂಡು ಹೊಲಿದ ಅಗ್ಗದ ಟೂ-ಪೀಸ್ ಬಾಲ್ ಕಲ್ಲಿನ ಹಾಗೆ. ಯಾರ್ಕರ್ ಒಂದು ಟೋಗೆ ಬಿದ್ದರೆ ಸೀಳು ಗ್ಯಾರಂಟಿ. ನಾಲ್ಕು ತುಂಡಿನ ಫೋರ್-ಪೀಸ್‌ನಲ್ಲೇ ಆಡಿ. ಮಳೆಗಾಲದ ಒದ್ದೆ ಪಿಚ್ಚಿನಲ್ಲಿ ಬ್ಯಾಟು ಕುಟ್ಟುತ್ತ ನಿಂತರೆ ಟೋ ನೀರು ಹೀರಿ ಉಬ್ಬುತ್ತದೆ, ಕಾಂಕ್ರೀಟಿನ ಮೇಲಿನ ಮ್ಯಾಟಿನಲ್ಲಿ ಸವೆಯುತ್ತದೆ. ರಬ್ಬರ್ ಟೋ ಗಾರ್ಡ್ ಎರಡಕ್ಕೂ ಆಗುತ್ತದೆ. ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ. ಮುಖದ ಮೇಲಿನ ಕೂದಲೆಳೆ ಬಿರುಕಿಗೆ ಗಾಬರಿ ಬೇಡ. ಅಂಚು ಸೀಳಿದರೆ ಮರದ ಗೋಂದು ಇಳಿಸಿ, ಒಂದು ದಿನ ಬಿಗಿದಿಟ್ಟು ಫೈಬರ್ ಟೇಪ್ ಸುತ್ತಿ.

ಡಿವಿಷನ್ ಲೀಗ್‌ನಲ್ಲಿ ಹೊಸ ಚೆಂಡು ಎದುರಿಸುವ ಓಪನರ್‌ಗೆ ಇದು ಸಾಲದು, ಅವರು ಹಣ ಕೂಡಿಸಿ ಇಂಗ್ಲಿಷ್ ವಿಲೋ ಕೊಳ್ಳಲಿ. ಟೆನಿಸ್ ಬಾಲ್ ಟೂರ್ನಿಗೂ ಬೇಡ. ಅಲ್ಲಿಗೆ ಹಿಂಬದಿ ಕೆತ್ತಿ ಹಗುರ ಮಾಡಿದ ಬೇರೆ ಬ್ಯಾಟೇ ಇದೆ, ಅದರಲ್ಲಿ ಲೆದರ್ ಬಾಲ್ ಆಡಿದರೆ ಒಂದೇ ಮ್ಯಾಚಿಗೆ ಎರಡು ಹೋಳು. ಉಳಿದವರಿಗೆ ಇದೇ ಸರಿ. ಬಿಲ್ಲು ಕೇಳಿ ಪಡೆಯಿರಿ, ಹಿಡಿ ಮುರಿದರೆ ಬದಲಿಸಿಕೊಡುತ್ತಾರೋ ಎಂಬುದನ್ನು ದುಡ್ಡು ಕೊಡುವ ಮುಂಚೆಯೇ ಕೇಳಿ.