ಚಿಂಕ್ವೆ ತೆರ್ರೆ: ಲಾ ಸ್ಪೆತ್ಸಿಯಾ, ಕೊರ್ನೀಲಿಯಾ, ಲೆವಾಂತೊ ಪೈಕಿ ಎಲ್ಲಿ ತಂಗಿದರೆ ಒಳ್ಳೆಯದು?

ಇಟಲಿಯ ವಾಯವ್ಯ ಕರಾವಳಿಯ ಲಿಗೂರಿಯಾ ಪ್ರಾಂತ್ಯದಲ್ಲಿ, ಕಡಿದಾದ ಬೆಟ್ಟಕ್ಕೂ ಸಮುದ್ರಕ್ಕೂ ನಡುವೆ ಇಕ್ಕಟ್ಟಾಗಿ ಕೂತಿರುವ ಐದು ಊರುಗಳಿಗೆ ಒಟ್ಟಾಗಿ ಚಿಂಕ್ವೆ ತೆರ್ರೆ ಎಂದು ಹೆಸರು. ಪಶ್ಚಿಮದಿಂದ ಪೂರ್ವಕ್ಕೆ ಮೊಂತೆರೊಸ್ಸೊ, ವೆರ್ನಾತ್ಸಾ, ಕೊರ್ನೀಲಿಯಾ, ಮನರೋಲಾ ಮತ್ತು ರಿಯೊಮಾಜ್ಜೊರೆ ಎಂಬ ಈ ಊರುಗಳು 1997ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. 1999ರಲ್ಲಿ ಇಡೀ ಪ್ರದೇಶ ರಾಷ್ಟ್ರೀಯ ಉದ್ಯಾನವಾಯಿತು. ಹೊರಡುವ ಮುನ್ನ ಎಲ್ಲರೂ ಕೇಳುವುದು ಐದರಲ್ಲಿ ಯಾವ ಊರು ಚೆಂದ ಎಂದು. ಮೂರು ನಾಲ್ಕು ದಿನವಿದ್ದರೆ ಐದನ್ನೂ ಹೇಗೂ ನೋಡಿಯೇ ನೋಡುತ್ತೀರಿ, ಆದ್ದರಿಂದ ಆ ಪ್ರಶ್ನೆಗೆ ತಲೆಕೆಡಿಸಿಕೊಳ್ಳಬೇಕಿಲ್ಲ. ರಾತ್ರಿ ಎಲ್ಲಿ ಮಲಗಬೇಕು, ಬೆಳಿಗ್ಗೆ ಯಾವ ಹಾದಿ ಹಿಡಿಯಬೇಕು ಎಂಬುದನ್ನು ಮಾತ್ರ ಮೊದಲೇ ತೀರ್ಮಾನಿಸಬೇಕು. ನಾನು, ನನ್ನ ಹೆಂಡತಿ, ಅಕ್ಕ ಮತ್ತು ಭಾವ ಐದೂರುಗಳ ಪೂರ್ವಕ್ಕಿರುವ ಲಾ ಸ್ಪೆತ್ಸಿಯಾ ನಗರ, ಐದರಲ್ಲೊಂದಾದ ಕೊರ್ನೀಲಿಯಾ, ಪಶ್ಚಿಮಕ್ಕಿರುವ ಲೆವಾಂತೊ ಈ ಮೂರರಲ್ಲೂ ತಂಗಿ ನೋಡಿದ್ದೇವೆ. ಭಾವನವರಿಗೆ ಮಂಡಿನೋವು ಇದ್ದುದರಿಂದ ಪ್ರತಿಯೊಂದು ಮೆಟ್ಟಿಲಿನ ಲೆಕ್ಕವೂ ನಮಗೆ ಮುಖ್ಯವಾಗಿತ್ತು. ನನ್ನ ಮತ ಲೆವಾಂತೊಗೆ.

ಇದಕ್ಕೆ ಮುಖ್ಯ ಕಾರಣ ರೈಲು. ಲಾ ಸ್ಪೆತ್ಸಿಯಾದಿಂದ ಲೆವಾಂತೊವರೆಗೆ ಐದೂ ಊರುಗಳಲ್ಲಿ ನಿಲ್ಲುತ್ತ ಓಡುವ ಪ್ರಾದೇಶಿಕ ರೈಲು ಪ್ರವಾಸದ ಋತುವಿನಲ್ಲಿ ಗಂಟೆಗೆ ಹಲವು ಬಾರಿ ಬರುತ್ತದೆ, ಬಹುಪಾಲು ಸುರಂಗದೊಳಗೇ ಸಾಗುತ್ತದೆ, ಒಂದು ಊರಿನಿಂದ ಮತ್ತೊಂದಕ್ಕೆ ಕೆಲವೇ ನಿಮಿಷ ತೆಗೆದುಕೊಳ್ಳುತ್ತದೆ. ಆದರೆ ಪೀಸಾ, ಫ್ಲಾರೆನ್ಸ್ ಕಡೆಯಿಂದ ಬರುವವರೂ, ಲಾ ಸ್ಪೆತ್ಸಿಯಾ ಬಂದರಿನಲ್ಲಿ ಲಂಗರು ಹಾಕುವ ಕ್ರೂಸ್ ಹಡಗುಗಳಿಂದ ಇಳಿಯುವವರೂ ಇದೇ ರೈಲನ್ನು ಪೂರ್ವದ ತುದಿಯಿಂದ ಹತ್ತುತ್ತಾರೆ. ಹೀಗಾಗಿ ಬೆಳಗಿನ ಹೊತ್ತು ಲಾ ಸ್ಪೆತ್ಸಿಯಾದಿಂದ ಹೊರಡುವ ರೈಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅದೇ ಹೊತ್ತಿಗೆ ಲೆವಾಂತೊದಿಂದ ಎದುರು ದಿಕ್ಕಿಗೆ ಹೊರಟ ರೈಲಿನಲ್ಲಿ ನಾವು ಕಿಟಕಿಯ ಪಕ್ಕ ಕೂತು ಹೋಗಿದ್ದೇವೆ.

ಲಾ ಸ್ಪೆತ್ಸಿಯಾ ಕೆಟ್ಟ ಊರೇನಲ್ಲ. ನೌಕಾಪಡೆಯ ದೊಡ್ಡ ನೆಲೆಯಿರುವ, ತನ್ನ ಪಾಡಿಗೆ ತಾನು ದುಡಿಯುವ ನಗರ ಅದು. ಕೋಣೆಗಳು ಮೂರೂ ಕಡೆಗಳಲ್ಲಿ ಇಲ್ಲಿಯೇ ಅಗ್ಗ, ತರಕಾರಿ ಮಾರುಕಟ್ಟೆ ಭರ್ಜರಿ, ರಾತ್ರಿ ತಡವಾಗಿ ರೈಲಿಳಿದರೂ ಊಟ ಸಿಗುತ್ತದೆ. ಹತ್ತಿರದ ಕಡಲತೀರದ ಊರಾದ ಪೋರ್ತೊ ವೆನೆರೆಗೆ ಬಸ್ಸು ಹೊರಡುವುದೂ ಇಲ್ಲಿಂದಲೇ. ಆದರೆ ನಡೆಯಲು ಬಂದವರಿಗೆ ಬಾಗಿಲು ದಾಟಿದ ಕೂಡಲೇ ಹಾದಿ ಇಲ್ಲ, ಸಮುದ್ರವೂ ಬಂದರಿನ ಆಚೆಗೆ. ದಿನವೂ ಗುಂಪಿನೊಡನೆ ಹೋಗಿ ಗುಂಪಿನೊಡನೆ ಮರಳುವುದು ನನ್ನ ಸಹನೆಗೆ ಮೀರಿದ ಕೆಲಸ. ಮೊದಲ ರಾತ್ರಿಗೆ, ಇಲ್ಲವೇ ಹಣದ ಬಿಗಿ ಇರುವವರಿಗೆ ಸರಿ.

ಕೊರ್ನೀಲಿಯಾದ ಮಾತೇ ಬೇರೆ. ಐದರಲ್ಲಿ ಸಮುದ್ರದ ಮಟ್ಟದಲ್ಲಿ ಇಲ್ಲದ ಊರು ಇದೊಂದೇ. ಸುಮಾರು ನೂರು ಮೀಟರ್ ಎತ್ತರದ ಬಂಡೆಯ ಮೇಲೆ ಕೂತಿದೆ. ರೈಲು ನಿಲ್ದಾಣದಿಂದ ಊರಿಗೆ ಲಾರ್ದರೀನಾ ಎಂಬ ಹೆಸರಿನ, ಇಟ್ಟಿಗೆ ಹಾಸಿದ 382 ಮೆಟ್ಟಿಲುಗಳು ಅಂಕುಡೊಂಕಾಗಿ ಏರುತ್ತವೆ. ಪುಟ್ಟ ಬಸ್ಸೊಂದು ಇದೆ, ಆದರೆ ಅದರಲ್ಲಿ ಜಾಗ ಸಿಗುವುದು ಅದೃಷ್ಟಕ್ಕೆ ಬಿಟ್ಟದ್ದು. ಭಾವನವರು ಬಸ್ಸಿಗೆ ಕಾದರು, ನಾವು ಲಗೇಜು ಹೊತ್ತು ಹತ್ತಿದೆವು. ಮೇಲೆ ತಲುಪಿದ್ದು ಹೆಚ್ಚುಕಡಿಮೆ ಒಟ್ಟಿಗೇ. ಸಂಜೆ ಹಗಲಿನ ಪ್ರವಾಸಿಗರು ಇಳಿದು ಹೋದ ಮೇಲೆ ಬೀದಿಯಲ್ಲಿ ಉಳಿಯುವವರು ಊರಿನವರು ಮತ್ತು ರಾತ್ರಿ ತಂಗಿದ ಕೆಲವರು ಮಾತ್ರ. ಬೀದಿಯ ತುದಿಯ ಕಟ್ಟೆಯಲ್ಲಿ ನಿಂತರೆ ಒಂದು ಬದಿಗೆ ಮನರೋಲಾದ ದೀಪ, ಇನ್ನೊಂದು ಬದಿಗೆ ದೂರದ ಮೊಂತೆರೊಸ್ಸೊ ಕಾಣುತ್ತವೆ. ಈ ಸಂಜೆಯನ್ನು ಲೆವಾಂತೊ ಕೊಡಲಾರದು, ಅದನ್ನು ಒಪ್ಪುತ್ತೇನೆ. ಹೀಗಿದ್ದರೂ ಕೋಣೆ ಚಿಕ್ಕದು, ಬಾಡಿಗೆ ದುಬಾರಿ, ಅಂಗಡಿ ಒಂದೆರಡು. ದಿನಕ್ಕೆರಡು ಸಲ ಆ ಮೆಟ್ಟಿಲು ಹತ್ತಿಳಿಯುವ ಉತ್ಸಾಹ ಬೇಗ ಕರಗುತ್ತದೆ. ಬೆನ್ನಿಗೆ ಹಾಕುವ ಚೀಲವೊಂದನ್ನೇ ತಂದವರು ಇಲ್ಲಿ ಒಂದು ರಾತ್ರಿ ಕಳೆಯಲಿ, ಚಕ್ರದ ಸೂಟ್‌ಕೇಸಿನವರು ದೂರವಿರಲಿ.

ಲೆವಾಂತೊ ಐದು ಊರುಗಳ ಪಟ್ಟಿಯಲ್ಲಿ ಇಲ್ಲ. ಮೊಂತೆರೊಸ್ಸೊದ ಮುಂದಿನ ನಿಲ್ದಾಣ, ರೈಲಿನಲ್ಲಿ ಸುಮಾರು ಐದು ನಿಮಿಷ. ಊರು ಬಹುಮಟ್ಟಿಗೆ ಸಮತಟ್ಟು, ಅಗಲವಾದ ಕಡಲತೀರವಿದೆ, ಅಡುಗೆಮನೆಯಿರುವ ಮನೆಗಳು ಬಾಡಿಗೆಗೆ ಸಿಗುತ್ತವೆ, ದಿನಸಿಗೆ ಸೂಪರ್‌ಮಾರ್ಕೆಟ್ ಇದೆ. ಸಸ್ಯಾಹಾರಿಗಳಿಗೆ ಇದು ಸಣ್ಣ ವಿಷಯವಲ್ಲ: ಈ ಕರಾವಳಿಯ ಊಟದಲ್ಲಿ ಆಂಚೊವಿ ಮೀನು ಎಲ್ಲಿ ಅಡಗಿರುತ್ತದೆಂದು ಹೇಳಲಾಗದು, ತುಳಸಿಯ ಜಾತಿಯ ಎಲೆಯಿಂದ ಮಾಡುವ ಪೆಸ್ತೊದಲ್ಲಿ ಬೀಳುವ ಪರ್ಮಿಜಾನೊ ಚೀಸಿಗೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುತ್ತಾರೆ. ಅಕ್ಕನನ್ನು ಕಾಪಾಡಿದ್ದು ಫರಿನಾತಾ. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು ಇಷ್ಟನ್ನೇ ಕಲಸಿ ದೊಡ್ಡ ತಟ್ಟೆಯಲ್ಲಿ ಹುಯ್ದು ಒಲೆಯಲ್ಲಿ ಸುಡುವ ಇದು ನಮ್ಮ ಕಡಲೆಹಿಟ್ಟಿನ ದೋಸೆಗೆ ಅಣ್ಣನಂತಿದೆ. ನಡೆಯಲಾಗದ ದಿನಕ್ಕೆ ಇಲ್ಲಿ ಇನ್ನೊಂದು ಅನುಕೂಲವೂ ಉಂಟು: ಹಳೆಯ ರೈಲು ಮಾರ್ಗದ ಸುರಂಗಗಳನ್ನೇ ಸೈಕಲ್ ಮತ್ತು ಕಾಲ್ನಡಿಗೆಯ ದಾರಿಯಾಗಿಸಿ, ಬೊನಸ್ಸೋಲಾ ದಾಟಿ ಫ್ರಮೂರಾವರೆಗೆ ಸಮುದ್ರದ ಅಂಚಿನಲ್ಲೇ ಒಯ್ದಿದ್ದಾರೆ. ಏರಿಳಿತವೇ ಇಲ್ಲದ ಆ ದಾರಿಯಲ್ಲಿ ಭಾವನವರು ನಮ್ಮೆಲ್ಲರಿಗಿಂತ ಮುಂದಿದ್ದರು.

ಇನ್ನು ಹಾದಿಗಳ ಹೋಲಿಕೆ. ಹೆಸರಾದದ್ದು ಊರಿಂದೂರಿಗೆ ಕಡಲನ್ನು ಅನುಸರಿಸುವ ಸೆಂತಿಯೆರೊ ಅಜ್ಜುರ್ರೊ. ಇದರ ಮೊಂತೆರೊಸ್ಸೊ–ವೆರ್ನಾತ್ಸಾ ಭಾಗಕ್ಕೆ ಸುಮಾರು ಎರಡು ಗಂಟೆ, ವೆರ್ನಾತ್ಸಾ–ಕೊರ್ನೀಲಿಯಾ ಭಾಗಕ್ಕೆ ಒಂದೂವರೆ ಗಂಟೆ ಬೇಕು. ಎರಡಕ್ಕೂ ಉದ್ಯಾನದ ಕಾರ್ಡ್ ಕೊಳ್ಳಬೇಕು. ವೆರ್ನಾತ್ಸಾವನ್ನು ಮೇಲಿನಿಂದ ಮೊದಲ ಸಲ ನೋಡುವ ತಿರುವು ದುಡ್ಡಿಗೆ ಮೋಸವಿಲ್ಲ, ಆದರೆ ಹತ್ತು ಗಂಟೆಯ ನಂತರ ಹೊರಟರೆ ಒಬ್ಬರೇ ಸಾಗಬಹುದಾದ ಮೆಟ್ಟಿಲುಗಳಲ್ಲಿ ಎದುರಿನವರಿಗೆ ದಾರಿ ಬಿಡುವುದರಲ್ಲೇ ಹೊತ್ತು ಹೋಗುತ್ತದೆ. ರಿಯೊಮಾಜ್ಜೊರೆ ಮತ್ತು ಮನರೋಲಾ ನಡುವಣ ವಿಯಾ ದೆಲ್ಲಮೋರೆ ಎಂಬ ಭಾಗ 2012ರಲ್ಲಿ ಬಂಡೆ ಉರುಳಿ ಕೆಲವರು ಗಾಯಗೊಂಡ ಮೇಲೆ ವರ್ಷಗಟ್ಟಲೆ ಮುಚ್ಚಿದ್ದು 2024ರಲ್ಲಿ ಮತ್ತೆ ತೆರೆಯಿತು. ಅದಕ್ಕೆ ಬೇರೆ ಶುಲ್ಕ, ಮುಂಗಡವಾಗಿ ಕಾಯ್ದಿರಿಸಿದ ಸಮಯ, ನಡೆಯುವುದು ಒಂದು ಕಿಲೋಮೀಟರಿಗೂ ಕಡಿಮೆ. ನನ್ನನ್ನು ಕೇಳಿದರೆ ಬಿಟ್ಟರೂ ನಷ್ಟವಿಲ್ಲ.

ಇವೆಲ್ಲಕ್ಕಿಂತ ಮೇಲೆಂದು ನಾನು ಹೇಳುವುದು ವೊಲಾಸ್ತ್ರಾದ ಹಾದಿಯನ್ನು. ಮನರೋಲಾದ ನೆತ್ತಿಯ ಮೇಲೆ ಮುನ್ನೂರು ಮೀಟರಿಗೂ ಮೀರಿದ ಎತ್ತರದಲ್ಲಿರುವ ಈ ಹಳ್ಳಿಗೆ ಮನರೋಲಾದಿಂದ ಪುಟ್ಟ ಬಸ್ಸು ಹತ್ತುತ್ತದೆ. ಅಲ್ಲಿಳಿದು, ಬೆಟ್ಟದ ಇಳಿಜಾರಿನಲ್ಲಿ ಮೆಟ್ಟಿಲುಮೆಟ್ಟಿಲಾಗಿ ಪಟ್ಟಿ ಮಾಡಿ ಬೆಳೆಸಿದ ದ್ರಾಕ್ಷಿತೋಟಗಳ ನಡುವೆ ಕೊರ್ನೀಲಿಯಾದ ಕಡೆಗೆ ನಡೆದರೆ ಕಡಿದಾದ ಏರು ತಪ್ಪುತ್ತದೆ, ಕಾರ್ಡೂ ಬೇಡ. ಆದರೂ ಕೊನೆಯ ಇಳಿತ ಮಂಡಿಯನ್ನು ಪರೀಕ್ಷಿಸುತ್ತದೆ, ಕೋಲು ಜೊತೆಗಿರಲಿ. ಹೆಜ್ಜೆ ಇಡುವ ಜಾಗ ಕೆಲವೆಡೆ ಎರಡು ಅಡಿಯೂ ಇಲ್ಲ. ಒಂದು ಪಕ್ಕಕ್ಕೆ ಮಣ್ಣನ್ನು ಹಿಡಿದಿಡಲು ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಪೇರಿಸಿ ಕಟ್ಟಿದ ಗೋಡೆ, ಇನ್ನೊಂದು ಪಕ್ಕಕ್ಕೆ ಕೆಳಗಿನ ಪಟ್ಟಿಯ ಬಳ್ಳಿಗಳ ತುದಿ, ಅದರಾಚೆ ನೇರ ಸಮುದ್ರ. ಗೋಡೆಯಿಂದ ಗೋಡೆಗೆ ಇಳಿಯುವ ಒಂಟಿ ಹಳಿಯೊಂದು ಹಾದಿಯನ್ನು ದಾಟುತ್ತದೆ. ಅದರ ಅಡಿಯ ಹಲ್ಲುಗಳನ್ನು ಕಚ್ಚಿಕೊಂಡು ಚಲಿಸುವ ಪುಟ್ಟ ಎಂಜಿನ್ ಸುಗ್ಗಿಯಲ್ಲಿ ದ್ರಾಕ್ಷಿಯ ಬುಟ್ಟಿಗಳನ್ನು ಸಾಗಿಸುತ್ತದೆ. ಇದು ಬರುವ ಮೊದಲು ಆ ಹೊರೆಯೆಲ್ಲ ಮನುಷ್ಯರ ಹೆಗಲ ಮೇಲೆಯೇ ಇತ್ತು. ಕೃಷಿ ಬಿಟ್ಟ ಕಡೆ ಗೋಡೆ ಬಸುರುಬ್ಬಿ ಕುಸಿದಿರುವುದೂ ಕಣ್ಣಿಗೆ ಬೀಳುತ್ತದೆ. ಈ ಬೆಟ್ಟ ಏಕೆ ಜಾರುತ್ತದೆ, ಕೆಳಗಿನ ಹಾದಿಗಳು ಏಕೆ ಮತ್ತೆ ಮತ್ತೆ ಮುಚ್ಚುತ್ತವೆ ಎಂಬುದಕ್ಕೆ ಬಹುಪಾಲು ಉತ್ತರ ಅಲ್ಲಿಯೇ ಇದೆ.

ಲೆವಾಂತೊದಿಂದ ಪುಂತಾ ಮೆಸ್ಕೊ ಅಂತರೀಪವನ್ನು ಸುತ್ತಿ ಮೊಂತೆರೊಸ್ಸೊಗೆ ಇಳಿಯುವ ಹಾದಿ ನನ್ನ ಎರಡನೆಯ ಆಯ್ಕೆ. ಇದಕ್ಕೂ ಶುಲ್ಕವಿಲ್ಲ, ಎರಡೂವರೆಯಿಂದ ಮೂರು ಗಂಟೆ ಹಿಡಿಯುತ್ತದೆ, ಪೈನ್ ಮರಗಳ ನೆರಳು ಸಾಕಷ್ಟಿದೆ. ತುದಿಯಲ್ಲಿ ಸಂತ ಅಂತೋನಿಯೊ ಹೆಸರಿನ ಪಾಳುಬಿದ್ದ ಆಶ್ರಮದ ಬಳಿ ನಿಂತರೆ ಮುಂದಿನ ಕರಾವಳಿ ಒಂದೇ ನೋಟಕ್ಕೆ ಸಿಗುತ್ತದೆ. ಮೊಂತೆರೊಸ್ಸೊ ಕಡೆಯ ಇಳಿಜಾರು ಮಾತ್ರ ಮೆಟ್ಟಿಲುಮಯ. ಯಾವ ಹಾದಿಗಾದರೂ ಹಿಡಿತವಿರುವ ಅಟ್ಟೆಯ ಬೂಟು ಬೇಕು. ಹವಾಯಿ ಚಪ್ಪಲಿಯಲ್ಲಿ ನಡೆದವರಿಗೆ ಉದ್ಯಾನದವರು ದಂಡ ಹಾಕುತ್ತಾರೆ, ಅದು 50 ಯೂರೊದಿಂದ ಶುರು. ಮಳೆಯ ಎಚ್ಚರಿಕೆ ಹೊರಟರೆ ಹಾದಿಗಳನ್ನು ಮುಚ್ಚುತ್ತಾರೆ. 2011ರ ಅಕ್ಟೋಬರ್ 25ರ ಪ್ರವಾಹ ವೆರ್ನಾತ್ಸಾ ಮತ್ತು ಮೊಂತೆರೊಸ್ಸೊಗಳನ್ನು ಕೆಸರಿನಲ್ಲಿ ಹೂತುಹಾಕಿತ್ತು. ಜುಲೈ, ಆಗಸ್ಟ್‌ನ ಬಿಸಿಲಿಗಿಂತ ಮೇ ತಿಂಗಳು ಅಥವಾ ಸೆಪ್ಟೆಂಬರ್‌ನ ಕೊನೆ ನಡೆಯುವವರಿಗೆ ಹಿತ.

ರೈಲೋ ಹಡಗೋ ಎಂಬುದಕ್ಕೆ ಉತ್ತರ ಸುಲಭ. ದಿನನಿತ್ಯದ ಓಡಾಟಕ್ಕೆ ರೈಲು. ಹಡಗು ದುಬಾರಿ, ಸಮುದ್ರ ಕೆರಳಿದರೆ ಹೊರಡದು, ಬಂದರಿಲ್ಲದ ಕೊರ್ನೀಲಿಯಾದಲ್ಲಿ ನಿಲ್ಲುವುದೂ ಇಲ್ಲ. ಆದರೆ ಸುರಂಗದೊಳಗಿನ ರೈಲು ತೋರಿಸದ ಬೆಟ್ಟದ ಮುಖವನ್ನು ಹಡಗು ತೋರಿಸುತ್ತದೆ. ಕೊನೆಯ ದಿನ ಮೊಂತೆರೊಸ್ಸೊದಿಂದ ಪೋರ್ತೊ ವೆನೆರೆಗೆ ಒಂದು ಬದಿಯ ಟಿಕೆಟ್ ಕೊಂಡು, ಅಲ್ಲಿಂದ ಬಸ್ಸಿನಲ್ಲಿ ಲಾ ಸ್ಪೆತ್ಸಿಯಾಕ್ಕೆ ಬಂದು ಮುಂದಿನ ರೈಲು ಹಿಡಿಯಬಹುದು. ಹಡಗಿನಲ್ಲಿ ಎಡಬದಿಯ ಆಸನ ಹಿಡಿಯಿರಿ. ಊರುಗಳೆಲ್ಲ ಆ ಕಡೆಗೇ ಬರುತ್ತವೆ.