ನಕ್ಷೆಯಲ್ಲಿಲ್ಲದ ಮನೆಗೆ ಮುಂಗಡ ಕೊಟ್ಟೆ: ಫ್ರೇಜರ್ ಟೌನ್ ಕಡೆ ಫ್ಲಾಟ್ ನೋಡುತ್ತಿರುವವರು ದಯವಿಟ್ಟು ಓದಿ

ಬೆಂಗಳೂರಿನ ಫ್ರೇಜರ್ ಟೌನ್‌ನಲ್ಲಿ, ಮಾಸ್ಕ್ ರಸ್ತೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, 40-60ರ ನಿವೇಶನದಲ್ಲಿ ಎದ್ದಿರುವ ಹೊಸ ಕಟ್ಟಡವೊಂದರ ನಾಲ್ಕನೆಯ ಮಹಡಿಯ ಮನೆಗೆ ನಾನು 9 ಲಕ್ಷ ರೂಪಾಯಿ ಕೊಟ್ಟೆ. ಆ ಮನೆ ಕಣ್ಣಿಗೆ ಕಾಣುತ್ತದೆ, ಕಾಗದದಲ್ಲಿ ಇಲ್ಲ. ಅದರಲ್ಲಿ ಮೂರೂವರೆ ಲಕ್ಷ ಮಾತ್ರ ಹಿಂದಿರುಗಿದೆ. 31 ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವನು ನಾನು. ಮೋಸ ಹೋದದ್ದು ಒಂದು ಗುಣಾಕಾರದಲ್ಲಿ ಎಂಬುದನ್ನು ಬರೆಯುವಾಗ ಈಗಲೂ ಕೈ ಹಿಂಜರಿಯುತ್ತದೆ, ಆದರೂ ಬರೆಯುತ್ತೇನೆ.

ನಾವು ತಿಪಟೂರಿನವರು. ಮಗಳು ಕುಕ್ ಟೌನ್‌ನಲ್ಲಿದ್ದಾಳೆ. ನಿವೃತ್ತಿಯ ನಂತರ ಅವಳ ಹತ್ತಿರ ಇರೋಣವೆಂದು 2025ರ ಮಾರ್ಚ್‌ನಲ್ಲಿ ಮನೆ ಹುಡುಕಲು ಹೊರಟೆವು. ಅದು ರಂಜಾನ್ ತಿಂಗಳು. ಸಂಜೆಯ ಅಜಾನ್ ಮುಗಿಯುತ್ತಿದ್ದಂತೆ ಬೀದಿಯೆಲ್ಲ ಬೆಳಕು, ಸಮೋಸ ಕರಿಯುವ ಬಾಣಲೆಗಳು. ಪಕ್ಕದ ಅಂಗಡಿಯವನು ನನ್ನೊಡನೆ ಕನ್ನಡ, ತನ್ನ ಹುಡುಗನೊಡನೆ ತಮಿಳು, ಗಿರಾಕಿಯೊಡನೆ ದಖನಿ ಉರ್ದು ಮಾತಾಡುತ್ತಿದ್ದ. ಭಾನುವಾರ ಬೆಳಿಗ್ಗೆ ಚರ್ಚಿನ ಗಂಟೆ ಕೇಳಿಸಿತು. ‘ಇಲ್ಲಿ ನಮಗೆ ಹೊಂದುತ್ತದೆಯೇ’ ಎಂದು ಅನುಮಾನಿಸುತ್ತಿದ್ದ ನನ್ನ ಹೆಂಡತಿಯೇ ಕೋಲ್ಸ್ ಪಾರ್ಕಿನಲ್ಲಿ ಎರಡು ಸುತ್ತು ಹಾಕಿ ಬಂದು, ಇದ್ದರೆ ಇಲ್ಲೇ ಇರಬೇಕು ಎಂದಳು. ಬಡಾವಣೆಯ ಬಗ್ಗೆ ನನಗೆ ಇಂದಿಗೂ ಒಂದು ದೂರೂ ಇಲ್ಲ. 1898ರ ಪ್ಲೇಗ್‌ನ ನಂತರ, ದಂಡು ಪ್ರದೇಶದ ಇಕ್ಕಟ್ಟು ತಪ್ಪಿಸಿ ಜನರಿಗೆ ಗಾಳಿ ಬೆಳಕು ಸಿಗಲೆಂದು ನಕ್ಷೆ ಹಾಕಿ ಕಟ್ಟಿದ ಊರು ಅದು. ನಾನು ಒಪ್ಪಿದ ಕಟ್ಟಡಕ್ಕೂ ಪಕ್ಕದ ಮನೆಗೂ ನಡುವೆ ಕಿಟಕಿಯಿಂದ ಕಿಟಕಿಗೆ ಸಾರಿನ ಪಾತ್ರೆ ದಾಟಿಸುವಷ್ಟೇ ಜಾಗವಿತ್ತು. ಅದನ್ನು ನೋಡಿದಾಗಲೇ ನನಗೆ ತಿಳಿಯಬೇಕಿತ್ತು.

ತಿಳಿಯಲಿಲ್ಲ, ಏಕೆಂದರೆ ಮನೆ ತೋರಿಸಿದ ಮನುಷ್ಯ ನನ್ನ ಗಮನವನ್ನು ಬೇರೆಡೆಗೆ ತಿರುಗಿಸಿದ್ದ. ಬಿಲ್ಡರ್‌ನ ಪಾಲುದಾರನೆಂದು ಪರಿಚಯಿಸಿಕೊಂಡ ಅವನು, ನಾನು ತಿಪಟೂರಿನವನೆಂದು ಗೊತ್ತಾದ ಕೂಡಲೇ, “ಅಯ್ಯೋ ಮೇಷ್ಟ್ರೇ, ನಾನೂ ತುರುವೇಕೆರೆ ಕಡೆಯೋನೇ. ಈ ವಾರ ಕೊಬ್ಬರಿ ಎಷ್ಟಕ್ಕೆ ಹೋಯ್ತು?” ಎಂದ. ಅಷ್ಟೇ. ಐದು ಭಾಷೆಗಳ ಬೀದಿಯಲ್ಲಿ ನಮ್ಮ ಸೀಮೆಯ ಮಾತು ಕೇಳಿದ್ದೇ ನಾನು ಕರಗಿಹೋದೆ. ಮೂವರು ದಲ್ಲಾಳಿಗಳನ್ನು ಪ್ರಶ್ನೆ ಕೇಳಿ ಕೇಳಿ ಓಡಿಸಿದ್ದ ನಾನು ಇವನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

92 ಲಕ್ಷಕ್ಕೆ ಮಾತಾಯಿತು. ಟೋಕನ್ ಎಂದು 5 ಲಕ್ಷದ ಚೆಕ್ ಕೊಟ್ಟೆ. ಏಪ್ರಿಲ್‌ನಲ್ಲಿ ಖಾತಾ ಮತ್ತು ನೋಂದಣಿಯ ಖರ್ಚಿಗೆಂದು 4 ಲಕ್ಷ ನಗದು ಕೊಟ್ಟೆ, ರಸೀದಿ ಇಲ್ಲದೆ. ಮನೆ ಜಮೀನಿನ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದು ಆದಾಯ ತೆರಿಗೆ ಕಾನೂನಿಗೆ ವಿರುದ್ಧವೆಂಬುದು ನನಗೆ ಆಮೇಲೆ ಗೊತ್ತಾಯಿತು. ಕರಾರು ಪತ್ರ ಛಾಪಾ ಕಾಗದದ ಮೇಲಿತ್ತು, ಆದರೆ ನೋಂದಣಿಯಾಗಿರಲಿಲ್ಲ. ದಾಖಲೆಗಳ ಪ್ಲಾಸ್ಟಿಕ್ ಕಡತವೊಂದನ್ನು ಕೊಟ್ಟ: ‘ಎ ಖಾತಾ’ ಎಂಬ ಪಾಲಿಕೆಯ ಆಸ್ತಿ ದಾಖಲೆ, ಮಂಜೂರಾದ ನಕ್ಷೆಯ ಜೆರಾಕ್ಸ್, ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳನ್ನು ತೋರಿಸುವ, ಋಣಭಾರವಿಲ್ಲವೆನ್ನುವ ಇ.ಸಿ. ಎಲ್ಲವೂ ಇತ್ತು. ನಾನು ಪುಟ ಎಣಿಸಿದೆ, ಓದಲಿಲ್ಲ.

ಸಾಲ ಮಗಳ ಹೆಸರಿನಲ್ಲಿ ಆಗಬೇಕಿತ್ತು. ಮೇ ತಿಂಗಳಲ್ಲಿ ಬ್ಯಾಂಕಿನ ವಕೀಲರು ಕರೆದರು. ಮಗಳ ವಯಸ್ಸಿನವರು. ನಕ್ಷೆಯ ಜೆರಾಕ್ಸನ್ನು ಮೇಜಿನ ಮೇಲೆ ಹರವಿ, “ಸರ್, ಇದರಲ್ಲಿ ನಿಮ್ಮ ಮನೆ ತೋರಿಸಿ” ಎಂದರು. ನಾನು ಕನ್ನಡಕ ಒರೆಸಿಕೊಂಡು ಬೆರಳಿಟ್ಟು ಹುಡುಕಿದೆ. ಸ್ಟಿಲ್ಟ್, ಅಂದರೆ ಕೆಳಗೆ ಕಂಬಗಳ ನಡುವೆ ವಾಹನ ನಿಲ್ಲಿಸುವ ಜಾಗ, ಇತ್ತು, ಒಂದನೆಯ ಮಹಡಿ ಇತ್ತು, ಎರಡನೆಯದಿತ್ತು, ಮೂರನೆಯದಿತ್ತು, ಅದರ ಮೇಲೆ ತಾರಸಿ ಮತ್ತು ನೀರಿನ ಟ್ಯಾಂಕ್ ಇತ್ತು. ನಾನು ದುಡ್ಡು ಕೊಟ್ಟಿದ್ದು ನೀರಿನ ಟ್ಯಾಂಕ್ ಇರಬೇಕಾದ ಜಾಗಕ್ಕೆ.

ಅಷ್ಟಕ್ಕೇ ನಿಲ್ಲಲಿಲ್ಲ. ನಮ್ಮ ಕಡತದ ಇ.ಸಿ. 2023ರ ಮಾರ್ಚ್‌ವರೆಗಿನದು, ಅಂದರೆ ಆ ನಿವೇಶನದಲ್ಲಿದ್ದ ಹಳೆಯ ಬಂಗಲೆ ಕೆಡವುವುದಕ್ಕೂ ಮುಂಚಿನದು. ಖಾತಾ ಕೂಡ ಆ ಬಂಗಲೆಯದೇ, ಫ್ಲಾಟಿನದಲ್ಲ. ಆ ವಕೀಲೆ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಿಂದ ಹೊಸ ಇ.ಸಿ. ತೆಗೆಸಿದ್ದರು. ಅದರಲ್ಲಿ ಕೆಳಗಿನ ಆರು ಮನೆಗಳು 2024ರಲ್ಲೇ ನೋಂದಣಿಯಾಗಿದ್ದವು, ಪ್ರತಿಯೊಂದಕ್ಕೂ 400 ಚದರಡಿ ನೆಲದ ಅವಿಭಜಿತ ಪಾಲು. ನಿವೇಶನ ಇರುವುದೇ 2,400 ಚದರಡಿ. ಆಕೆ ಕಾಗದದ ಅಂಚಿನಲ್ಲಿ ಪೆನ್ಸಿಲ್‌ನಿಂದ ಲೆಕ್ಕ ಬರೆಯುವ ಮೊದಲೇ ನನ್ನ ತಲೆಯೊಳಗೆ ನಾಲ್ಕನೆಯ ತರಗತಿಯ ಮಕ್ಕಳೆಲ್ಲ ಒಟ್ಟಿಗೆ ಕೂಗಿದಂತಾಯಿತು: ಆರು ನಾಲ್ಕ್ಲ ಇಪ್ಪತ್ನಾಲ್ಕು. ನನ್ನ ಕರಾರಿನಲ್ಲಿ 350 ಚದರಡಿ ಪಾಲು ಎಂದು ಬರೆದಿತ್ತು. ಎಲ್ಲಿಂದ? ಮಾರುವವನ ಕೈಯಲ್ಲಿ ಒಂದು ಅಡಿ ನೆಲವೂ ಉಳಿದಿರಲಿಲ್ಲ. ಮಗಳು ಏನೂ ಅನ್ನಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಅವಳು ಬೈದಿದ್ದರೆ ವಾಸಿಯಿತ್ತು.

ಇನ್ನು ಮನೆ ತೋರಿಸಿದ ಆ ಪಾಲುದಾರನ ಉತ್ತರಗಳು. ಇವನ್ನು ಹಾಗೆಯೇ ಬರೆಯುತ್ತೇನೆ, ಏಕೆಂದರೆ ನಿಮಗೂ ಇವೇ ಸಿಗುತ್ತವೆ.

ಕಟ್ಟಡ ವಾಸಕ್ಕೆ ಯೋಗ್ಯವೆಂದು ಪಾಲಿಕೆ ಕೊಡುವ ಸ್ವಾಧೀನಾನುಭವ ಪತ್ರ (ಓಸಿ) ಎಲ್ಲಿ ಎಂದೆ. “ಬೆಂಗ್ಳೂರಲ್ಲಿ ಓಸಿ ಇರೋ ಬಿಲ್ಡಿಂಗ್ ಎಷ್ಟಿವೆ ತೋರ್ಸಿ ಮೇಷ್ಟ್ರೇ, ನಾಳೆನೇ ನಿಮ್ ದುಡ್ಡು ವಾಪಸ್ ಕೊಡ್ತೀನಿ” ಎಂದ. ನಾಲ್ಕನೆಯ ಮಹಡಿಗೆ ಮಂಜೂರಾತಿಯೇ ಇಲ್ಲವಲ್ಲ ಎಂದೆ. “ಅಕ್ರಮ-ಸಕ್ರಮ ಬರುತ್ತೆ, ಆಗ ಮಾಡ್ಸೋಣ” ಎಂದ. ನಿಯಮ ಮೀರಿದ ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮಗೊಳಿಸುವ ಆ ಸರ್ಕಾರಿ ಯೋಜನೆಗೆ 2017ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟಿತ್ತು. ಇವನು ಎಂಟು ವರ್ಷದ ಮೇಲೆ ನನಗೆ ಅದನ್ನೇ ಮಾರುತ್ತಿದ್ದ. ಬ್ಯಾಂಕ್ ಸಾಲ ಕೊಡುವುದಿಲ್ಲವಂತೆ, 2024ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಓಸಿ ನೋಡಿಯೇ ಸಾಲ ಕೊಡಬೇಕಂತೆ ಎಂದೆ. “ಆ ಬ್ಯಾಂಕ್ ಯಾಕೆ, ನಮ್ ಫೈನಾನ್ಸ್‌ನೋರು ಇದ್ದಾರೆ, ಬಡ್ಡಿ ಒಂಚೂರು ಜಾಸ್ತಿ ಅಷ್ಟೆ.” ಕೊನೆಗೆ ನೆಲದ ಪಾಲಿನ ಮಾತೆತ್ತಿದೆ. ಅದಕ್ಕೆ ಅವನು ಕೊಟ್ಟ ಉತ್ತರವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ: “ಮೇಲಿರೋರಿಗೆ ನೆಲ ಯಾಕೆ ಮೇಷ್ಟ್ರೇ? ಟೆರೇಸ್ ಪೂರಾ ನಿಮ್ದೇ ತಾನೆ!”

ದುಡ್ಡು ಕೇಳಿದ ದಿನದಿಂದ ‘ಮೇಷ್ಟ್ರೇ’ ಹೋಗಿ ‘ಸಾರ್’ ಆಯಿತು. ವಕೀಲರ ನೋಟಿಸ್ ಹೋದ ಮೇಲೆ ಮೂರು ಕಂತಿನಲ್ಲಿ ಮೂರೂವರೆ ಲಕ್ಷ ಬಂತು. ಉಳಿದ ಒಂದೂವರೆ ಲಕ್ಷವನ್ನು ‘ಕ್ಯಾನ್ಸಲ್ ಮಾಡಿದ್ದು ನೀವು’ ಎಂದು ಹಿಡಿದುಕೊಂಡ. ನಗದಿನ ಬಗ್ಗೆ ಕೇಳಿದಾಗ ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಯಾವ ಕ್ಯಾಷ್ ಸಾರ್?” ಎಂದ. ಸ್ವರದಲ್ಲಿ ಕೋಪವೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ಎದುರಿಗೆ ಕೂತು ನೋಟು ಎಣಿಸಿದವನು, ಯಾವ ಕ್ಯಾಷ್ ಸಾರ್.

ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರಕ್ಕೆ, ಅಂದರೆ ರೇರಾಕ್ಕೆ, ಹೋಗಲಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ನಿವೇಶನ 500 ಚದರ ಮೀಟರ್‌ಗಿಂತ ದೊಡ್ಡದಲ್ಲದಿದ್ದರೆ, ಅಥವಾ ಮನೆಗಳು ಎಂಟಕ್ಕಿಂತ ಹೆಚ್ಚಿಲ್ಲದಿದ್ದರೆ, ಆ ಯೋಜನೆಯನ್ನು ರೇರಾದಲ್ಲಿ ನೋಂದಾಯಿಸಬೇಕಿಲ್ಲ. ಇಲ್ಲಿ ನೆಲವೂ ಚಿಕ್ಕದು, ಅಕ್ರಮದ ಎರಡನ್ನೂ ಸೇರಿಸಿ ಮನೆಗಳು ಸರಿಯಾಗಿ ಎಂಟು. ಅವರಿಗೆ ಲೆಕ್ಕ ಚೆನ್ನಾಗಿ ಬರುತ್ತದೆ. ಈಗ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಿದ್ದೇವೆ, ನಡೆಯುತ್ತಿದೆ.

ಹಳೆಯ ಬಡಾವಣೆಗಳಲ್ಲಿ ಬಂಗಲೆ ಕೆಡವಿ ಕಟ್ಟಿದ ಚಿಕ್ಕ ಕಟ್ಟಡಗಳನ್ನು ನೋಡುತ್ತಿರುವವರು ಇ.ಸಿ.ಯನ್ನು ನೀವೇ ತೆಗೆಸಿ, ಅದು ಯಾವ ದಿನಾಂಕದವರೆಗಿನದು ನೋಡಿ, ಎಲ್ಲ ಮನೆಗಳ ನೆಲದ ಪಾಲನ್ನು ಕೂಡಿಸಿ. ನಕ್ಷೆಯಲ್ಲಿ ನಿಮ್ಮ ಮನೆಯ ಮೇಲೆ ಬೆರಳಿಡಿ. ಬೆರಳಿಗೆ ಜಾಗ ಸಿಗದಿದ್ದರೆ ಅಲ್ಲಿಂದಲೇ ಎದ್ದು ಬನ್ನಿ. ನಗದು ಕೊಡಬೇಡಿ. ನಿಮ್ಮೂರಿನ ಕೊಬ್ಬರಿ, ಅಡಿಕೆ, ಭತ್ತದ ಧಾರಣೆ ವಿಚಾರಿಸುವವನಿಗಂತೂ ಕೊಡಲೇಬೇಡಿ.

ಹೋದ ತಿಂಗಳು ಆ ಬೀದಿಯಲ್ಲಿ ಹಾದುಹೋಗುವಾಗ ತಲೆಯೆತ್ತಿ ನೋಡಿದೆ. ನಾನು ಬಿಟ್ಟ ಮನೆಯ ಬಾಲ್ಕನಿಯಲ್ಲಿ ತುಳಸಿ ಕುಂಡವಿತ್ತು, ಬಟ್ಟೆ ಒಣಗುತ್ತಿತ್ತು. ಯಾರು ಬಂದಿದ್ದಾರೆ ಎಂದು ಕಾವಲುಗಾರನನ್ನು ಕೇಳಿದೆ. “ದಾವಣಗೆರೆಯೋರು ಸಾರ್, ರಿಟೈರ್ಡು. ನಮ್ ಸಾಹೇಬ್ರೂ ಆ ಕಡೆಯೋರೇ ಅಂತೆ, ಬಾಳ ಬೇಕಾದೋರು” ಎಂದ. ಮೇಲೆ ಹೋಗಿ ಗಂಟೆ ಒತ್ತಲು ನನಗೆ ಧೈರ್ಯವಾಗಲಿಲ್ಲ. ಪಕ್ಕದ ಇನ್ನೊಂದು ಮನೆಯ ಕಿಟಕಿಗೆ ಇನ್ನೂ ಪರದೆ ಬಂದಿಲ್ಲ, ಗಾಜಿಗೆ ಅಂಟಿಸಿದ ‘ಮಾರಾಟಕ್ಕಿದೆ’ ಚೀಟಿ ಹಾಗೆಯೇ ಇದೆ.