ಕೆಳಮನೆ ಬಚ್ಚಲಲ್ಲಿ ನೀರು ಉಕ್ಕಿದರೆ ಮೊದಲು ಆಸಿಡ್ ಬಾಟಲಿಗೆ ಕೈ ಹಾಕಬೇಡಿ

30×40 ಸೈಟಿನ ಮೂರಂತಸ್ತಿನ ಮನೆ. ಮೇಲಿನ ಮನೆಯವರ ವಾಷಿಂಗ್ ಮಷಿನ್ ನೀರು ಬಿಟ್ಟ ಕೂಡಲೇ ಕೆಳಮನೆ ಬಚ್ಚಲಿನ ಜಾಲರಿಯಿಂದ ನೊರೆ ಸಮೇತ ಕರಿನೀರು ಉಕ್ಕಿತು. ಬಂದ ಪ್ಲಂಬರ್ ನಿಂತ ನೀರಿಗೇ ಅರ್ಧ ಕೆಜಿ ಕಾಸ್ಟಿಕ್ ಸೋಡಾ ಸುರಿದ. ಒಂದು ಗಂಟೆ ಕಾದರೂ ಇಳಿಯಲಿಲ್ಲ. ಅದರ ಮೇಲೆ ಒಂದು ಬಾಟಲಿ ಆಸಿಡ್ ಬಿತ್ತು. ನೀರು ಕೊತಕೊತ ಕುದ್ದು ಸಿಡಿದು ಅವನ ಕೈಯೆಲ್ಲ ಬೊಬ್ಬೆ. ಆಮೇಲೆ 'ಒಳಗೆ ಪೈಪ್ ಒಡೆದಿದೆ' ಅಂತ ತೀರ್ಪಾಯಿತು, ಆರು ಟೈಲ್ಸ್ ಕಿತ್ತು ಎರಡಡಿ ಅಗೆದದ್ದೂ ಆಯಿತು. ಪೈಪ್ ಸರಿಯಾಗೇ ಇತ್ತು. ಕೊನೆಗೆ ಯಾರೋ ಗೇಟ್ ಪಕ್ಕದ ಚೇಂಬರ್ (ಕೊಳಚೆ ಪೈಪ್ ತೆರೆದು ನೋಡಲು ಕಟ್ಟಿದ ಗುಂಡಿ) ಮುಚ್ಚಳ ಎತ್ತಿ ನೋಡಿದರೆ ಅಂಚಿನವರೆಗೂ ನೀರು. ಕಟ್ಟಿಕೊಂಡಿದ್ದು ರಸ್ತೆಯ ಲೈನು. ನೀರಿನ ರಭಸದಿಂದ ಪೈಪ್ ಬಿಡಿಸುವ ಜೆಟ್ಟಿಂಗ್ ಗಾಡಿ ಬಂದ ಮೇಲೆ ಅರ್ಧ ಗಂಟೆಯ ಕೆಲಸ. ಕಿತ್ತ ಟೈಲ್ಸಿಗೆ ಜೋಡಿ ಮಾತ್ರ ಯಾವ ಅಂಗಡಿಯಲ್ಲೂ ಸಿಗಲಿಲ್ಲ.

ಮುಚ್ಚಳ ಎತ್ತಿ ನೋಡುವ ಐದು ನಿಮಿಷದ ಕೆಲಸ ಬಿಟ್ಟಿದ್ದಕ್ಕೆ ಇಷ್ಟೆಲ್ಲ. ಒಂದೇ ಸಿಂಕ್ ಅಥವಾ ಒಂದೇ ಬಚ್ಚಲು ಕಟ್ಟಿಕೊಂಡರೆ ತೊಂದರೆ ಅಲ್ಲಿನ ಟ್ರ್ಯಾಪ್‌ನಲ್ಲೇ, ಅಂದರೆ ವಾಸನೆ ತಡೆಯಲು ನೀರು ನಿಲ್ಲುವ ಭಾಗದಲ್ಲೇ. ಸಿಂಕಾದರೆ ಕೆಳಗಿನ ಬಾಟಲ್ ಟ್ರ್ಯಾಪ್ ಬಿಚ್ಚಿ ತೊಳೆದರೆ ಮುಗಿಯಿತು. ಮೇಲಿನವರು ನೀರು ಬಿಟ್ಟಾಗ ಕೆಳಗೆ ಉಕ್ಕಿದರೆ ಅದು ಮೇನ್ ಲೈನು. ಆಗ ಗೇಟಿನ ಹತ್ತಿರದ ಕೊನೆಯ ಚೇಂಬರ್‌ನಿಂದ ಶುರುಮಾಡಿ ಮನೆಯ ಕಡೆಗೆ ಒಂದೊಂದಾಗಿ ತೆಗೆಯುತ್ತ ಬನ್ನಿ. ಕೊನೆಯದು ತುಂಬಿದ್ದರೆ ಅಡ್ಡಿ ಆಚೆಗಿದೆ. ಅದು ಖಾಲಿಯಿದ್ದು ಅದರ ಹಿಂದಿನದು ತುಂಬಿದ್ದರೆ ಆ ಎರಡರ ನಡುವೆ ಇದೆ. ಚೇಂಬರ್ ಮೇಲೇ ಟೈಲ್ಸ್ ಹಾಕಿಸಿಕೊಂಡ ಮನೆಗಳು ಬೆಂಗಳೂರಲ್ಲಿ ಲೆಕ್ಕವಿಲ್ಲದಷ್ಟಿವೆ. ಕಾರ್ ನಿಲ್ಲಿಸೋಕೆ ಚೆಂದ ಕಾಣುತ್ತೆ, ಅಷ್ಟೇ; ಬೇಕಾದಾಗ ಮುಚ್ಚಳ ಎತ್ತೋಕಾಗಲ್ಲ.

ನಡುವಿನ ಅಡ್ಡಿಗೆ ರಾಡ್ ಹಾಕುವುದು ಖಾಲಿ ಚೇಂಬರ್ ಕಡೆಯಿಂದ, ಮೇಲ್ಮುಖವಾಗಿ. ಅಡ್ಡಿ ಬಿಟ್ಟುಕೊಂಡಾಗ ಎಲ್ಲ ಒಟ್ಟಿಗೆ ನುಗ್ಗಿ ಬರುತ್ತೆ, ಪಕ್ಕಕ್ಕೆ ನಿಲ್ಲಿ. ಆ ಚೇಂಬರ್‌ನ ಹೊರದಾರಿಗೆ ಮೊದಲೇ ಒಂದು ಕಬ್ಬಿಣದ ಜಾಲರಿ ಅಡ್ಡ ಇಡಿ. ಇಲ್ಲದಿದ್ದರೆ ಇಲ್ಲಿ ಬಿಟ್ಟ ಗಂಟು ಹತ್ತಡಿ ಮುಂದೆ ಹೋಗಿ ಕೂರುತ್ತೆ. ಸ್ಕ್ರೂ ಜಾಯಿಂಟ್ ರಾಡನ್ನು ಯಾವಾಗಲೂ ಗಡಿಯಾರದ ಮುಳ್ಳು ತಿರುಗುವ ಕಡೆಗೇ ತಿರುಗಿಸಬೇಕು. ಹಿಂದಕ್ಕೆ ಎಳೆಯುವಾಗಲೂ ಅದೇ ಕಡೆಗೆ. ಉಲ್ಟಾ ತಿರುಗಿಸಿದರೆ ಜಾಯಿಂಟ್ ಬಿಚ್ಚಿ ಅರ್ಧ ರಾಡು ಪೈಪಿನೊಳಗೇ ಉಳಿಯುತ್ತೆ, ಆಗ ನಿಜವಾಗಲೂ ಅಗೆಯಬೇಕಾಗುತ್ತೆ. ಬಿದಿರಿನ ದಬ್ಬೆಯದೂ ಇದೇ ಕಥೆ, ಬೆಂಡಿನಲ್ಲಿ ಮುರಿಯುತ್ತೆ. ಕೊನೆಗೆ ಮೇಲಿನ ಮನೆಯಿಂದ ನಾಲ್ಕೈದು ಬಕೆಟ್ ನೀರು ಒಟ್ಟಿಗೆ ಬಿಡಿಸಿ, ಪ್ರತಿ ಚೇಂಬರ್‌ನಲ್ಲೂ ನಿಲ್ಲದೆ ಹರಿಯಿತಾ ನೋಡಿ, ಆಮೇಲೆ ದುಡ್ಡು ಕೊಡಿ.

ಇನ್ನು ಕೆಮಿಕಲ್. ನಿಂತ ನೀರಿಗೆ ಸುರಿದ ಕಾಸ್ಟಿಕ್ ಅಡ್ಡಿಯವರೆಗೆ ಹೋಗುವುದೇ ಇಲ್ಲ. ಹೋದರೂ ಜಿಡ್ಡಿನ ಜೊತೆ ಸೇರಿ ಸೋಪಾಗುತ್ತೆ, ಬೋರ್‌ವೆಲ್ಲಿನ ಗಡಸು ನೀರಲ್ಲಿ ಅದು ಬಿಳಿ ಗಟ್ಟಿ ಪದರವಾಗಿ ಪೈಪಿಗೇ ಅಂಟುತ್ತೆ. ಕಾಸ್ಟಿಕ್ ಮೇಲೆ ಆಸಿಡ್ ಬಿದ್ದರೆ ಏನಾಗುತ್ತೆ ಅಂತ ಮೇಲೆಯೇ ಹೇಳಿದೆ. ಆಸಿಡ್ ಜೊತೆ ಬ್ಲೀಚಿಂಗ್ ಪೌಡರ್ ಸೇರಿದರೆ ಕ್ಲೋರಿನ್ ಅನಿಲ, ಬಾಗಿಲು ಹಾಕಿದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಸಂಚಕಾರ. ಎಷ್ಟೋ ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಇರುವುದೂ ಆಸಿಡ್ಡೇ. ಹಳೇ ಬಡಾವಣೆಗಳ ಆರಿಂಚಿನ ಸ್ಟೋನ್‌ವೇರ್ (ಸುಟ್ಟ ಜೇಡಿಮಣ್ಣಿನ) ಪೈಪುಗಳಲ್ಲಂತೂ ಆಸಿಡ್ ಸಿಮೆಂಟ್ ಜಾಯಿಂಟನ್ನು ತಿನ್ನುತ್ತೆ, ಆ ಸಂದಿಯಿಂದ ಮರದ ಬೇರು ಒಳಗೆ ಬರುತ್ತೆ. ಕುದಿಯುವ ನೀರೂ ಬೇಡ, ಪಿವಿಸಿ ಮೆತ್ತಗಾಗುತ್ತೆ. ಎಲ್ಲಕ್ಕಿಂತ ಕೆಟ್ಟದ್ದು ಟೈಲ್ಸ್ ಕೆಲಸದವರು ಬಚ್ಚಲಿಗೆ ಚೆಲ್ಲುವ ಸಿಮೆಂಟ್ ನೀರು; ಗಟ್ಟಿಯಾದ ಮೇಲೆ ಅದಕ್ಕೆ ರಾಡೂ ಇಲ್ಲ, ಮದ್ದೂ ಇಲ್ಲ.

ಅಡ್ಡಿ ರಸ್ತೆಯಲ್ಲಿದ್ದರೆ ಬೆಂಗಳೂರು ಜಲಮಂಡಳಿಯ 1916ಕ್ಕೆ ಫೋನ್ ಮಾಡಿ. ನೀರಿನ ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್ ಕೈಯಲ್ಲಿರಲಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. 'ನಮ್ಮ ಮನೆ ಬ್ಲಾಕ್' ಅನ್ನಬೇಡಿ. 'ಕೊನೆಯ ಚೇಂಬರ್ ತುಂಬಿದೆ, ಪಕ್ಕದ ಮನೆಯದೂ ತುಂಬಿದೆ' ಅನ್ನಿ. ಅಷ್ಟರಲ್ಲಿ 'ಸುಮ್ನೆ ಮೋರಿಗೆ ಪೈಪ್ ಕೊಟ್ಬಿಡ್ತೀನಿ ಸಾರ್' ಅಂತ ಯಾರಾದರೂ ಬರುತ್ತಾರೆ. ಅದು ಮಳೆನೀರಿನ ಮೋರಿ, ರಾಜಕಾಲುವೆ ಸೇರಿ ಕೆರೆಗೆ ಹೋಗುತ್ತೆ. ಇದರ ತಿರುಗುಮುರುಗೂ ಅಷ್ಟೇ ತಪ್ಪು: ತಾರಸಿಯ ಮಳೆನೀರನ್ನು ಸ್ಯಾನಿಟರಿ ಲೈನಿಗೆ ಬಿಟ್ಟಿರುವುದರಿಂದಲೇ ಜೋರು ಮಳೆ ಬಂದಾಗ ತಗ್ಗಿನ ಮನೆಗಳಲ್ಲಿ ಕಕ್ಕಸು ಉಕ್ಕುವುದು.

ಮ್ಯಾನ್‌ಹೋಲ್ ಅಥವಾ ಗುಂಡಿಯೊಳಗೆ ಯಾರನ್ನೂ ಇಳಿಸಬೇಡಿ, 'ನಾನೇ ಇಳೀತೀನಿ' ಅಂದರೂ. ಒಳಗಿನ ಹೈಡ್ರೋಜನ್ ಸಲ್ಫೈಡ್ ಹೆಚ್ಚಿದಷ್ಟೂ ಮೂಗು ಸತ್ತುಹೋಗುತ್ತೆ, ವಾಸನೆ ನಿಂತಿತು ಅನ್ನುವಷ್ಟರಲ್ಲಿ ಮನುಷ್ಯ ಬಿದ್ದಿರುತ್ತಾನೆ, ಎತ್ತಲು ಇಳಿದವನೂ ಬೀಳುತ್ತಾನೆ. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಇಳಿಸಿದವರ ಮೇಲೂ ಕೇಸು: ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ.

ತಗ್ಗಿನ ಮನೆಯವರು ಕೊನೆಯ ಚೇಂಬರ್‌ನಲ್ಲಿ ನೀರು ಹಿಂದಕ್ಕೆ ಬಾರದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಹಾಕಿಸಬಹುದು. ಆದರೆ ರಸ್ತೆಯ ನೀರು ಒತ್ತಿ ಅದು ಮುಚ್ಚಿಕೊಂಡಿರುವಾಗ ಮೇಲಿನ ಮನೆಯವರು ಸ್ನಾನಕ್ಕಿಳಿದರೆ, ಅವರ ನೀರೇ ಕೆಳಮನೆಯ ಜಾಲರಿಯಲ್ಲಿ ಮೇಲೆ ಬರುತ್ತೆ. ವಾಲ್ವ್ ಹಾಕಿಸಿದ ದಿನವೇ ಇದನ್ನು ಮೇಲಿನವರಿಗೆ ಹೇಳಿಡಿ.